ಗೊರಕೆ ರೋಗದ ಇಂಜೆಕ್ಷನ್ನು

ಸೀತೂರಿನಲ್ಲಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ ದನದ್ದಾಗಿರಲಿಲ್ಲ.

"ಗೊರಕೆಗೆ ಇಂಜೆಕ್ಷನ್ ತಂದೀಯಂತಲ್ಲೇ ಹುಡ್ಗಿ, ಗಂಡಸ್ರಿಗೂ ಆಗ್ತದಾ ಅದು?"

ಕೇಳಿದವಳು ನನ್ನ ಸೋದರತ್ತೆಯ ಪಕ್ಕದ ಮನೆಯಾಕೆ. ಅತ್ತೆಯ ಜಗಲಿಯಲ್ಲಿ ಕೂತಿದ್ದ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಒಳಗೆ ಬೆಂಚಿನ ಮೇಲೆ ಮಧ್ಯಾಹ್ನದ ನಿದ್ದೆಯಲ್ಲಿದ್ದ ಮಾವ ಸರಿಯಾಗಿ ಅದೇ ಹೊತ್ತಿಗೆ ಒಂದು ಉದ್ದನೆಯ ಗೊರಕೆ ಎಳೆದರು. ನನ್ನ ಸಂಶೋಧನೆಯ ಗಾಂಭೀರ್ಯ ಅಲ್ಲಿಗೆ ಮುಗಿಯಿತು. ಆಮೇಲೆ ಆ ಊರಿಗೆ ಎಷ್ಟು ಸಲ ಹೋದರೂ ಯಾರೂ ನನ್ನನ್ನು ಡಾಕ್ಟ್ರಮ್ಮ ಅನ್ನಲಿಲ್ಲ. ಗೊರಕೆ ಹುಡುಗಿ ಅಂದರು.

ಈ ಶತಮಾನ ಶುರುವಾಗಿ ಕೆಲವೇ ವರ್ಷಗಳಾಗಿದ್ದವು. ನಾನು ದೂರದ ಕಾಲೇಜೊಂದರಲ್ಲಿ ಪಶುವೈದ್ಯಕೀಯದ ಸ್ನಾತಕೋತ್ತರ ಓದುತ್ತಿದ್ದೆ. ನಮ್ಮ ಮನೆ ನರಸಿಂಹರಾಜಪುರದಲ್ಲಿ; ಅಪ್ಪನಿಗೆ ಪೇಟೆಯಲ್ಲಿ ಕಿರಾಣಿ ಅಂಗಡಿ. ಡಿಗ್ರಿ ಸಿಗಬೇಕಾದರೆ ಒಂದು ಪ್ರಬಂಧ ಬರೆಯಬೇಕು, ಪ್ರಬಂಧ ಬರೆಯಬೇಕಾದರೆ ಒಂದು ಪ್ರಯೋಗ ಮಾಡಬೇಕು. ನಮ್ಮ ಗೈಡು ದನಗಳ ಗೊರಕೆ ರೋಗಕ್ಕೆ ಹೊಸ ಬಗೆಯ ಲಸಿಕೆಯೊಂದನ್ನು ವರ್ಷಗಟ್ಟಲೆ ಕೂತು ತಯಾರಿಸಿದ್ದರು. ಅದನ್ನು ದನಗಳಿಗೆ ಚುಚ್ಚಿ, ಆಮೇಲೆ ಅವುಗಳ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಪ್ರತಿಕಾಯ ಹುಟ್ಟಿದೆಯೋ ಇಲ್ಲವೋ ನೋಡುವ ಕೆಲಸ ನನ್ನ ಪಾಲಿಗೆ ಬಂತು.

ಹೆಸರು ಕೇಳಿ ನಗು ಬಂದರೂ ಗೊರಕೆ ರೋಗ ತಮಾಷೆಯದಲ್ಲ. ಗದ್ದೆ, ಕೆರೆಗಳ ನೀರಿನಲ್ಲಿ ಒಂದು ಜಾತಿಯ ಸಣ್ಣ ಬಸವನಹುಳು ಇರುತ್ತದೆ. ಅದರ ಹೊಟ್ಟೆಯಿಂದ ಹೊರಬೀಳುವ ಕಣ್ಣಿಗೆ ಕಾಣದ ಮರಿಗಳು, ನೀರಿಗಿಳಿದ ದನದ ಚರ್ಮ ಕೊರೆದು ಒಳಗೆ ಸೇರುತ್ತವೆ. ಕೊನೆಗೆ ಮೂಗಿನ ರಕ್ತನಾಳದಲ್ಲಿ ಗಂಡು ಹೆಣ್ಣು ಜೋಡಿಯಾಗಿ ಸಂಸಾರ ಹೂಡುತ್ತವೆ. ಮೂಗಿನೊಳಗೆ ಗಂಟು ಬೆಳೆದು, ದನ ನಿಂತಲ್ಲೇ ಗೊರ್ರ್ ಎನ್ನುತ್ತ ಉಸಿರಿಗೆ ಕಷ್ಟಪಡುತ್ತದೆ. ಗಂಡುಹುಳ ಹೆಣ್ಣುಹುಳವನ್ನು ಬದುಕೆಲ್ಲ ಅಪ್ಪಿಕೊಂಡೇ ಇರುತ್ತದೆ ಎಂದು ನಾನು ಜಗಲಿಯಲ್ಲಿ ವಿವರಿಸಿದಾಗ ಪಕ್ಕದ ಮನೆಯಾಕೆ, "ಹುಳಕ್ಕಿರೋ ಬುದ್ಧಿನೂ ನಮ್ಮನೆಯೋರಿಗಿಲ್ಲ" ಅಂದಳು. ಮತ್ತೆ ಒಂದು ಗಳಿಗೆ ಪಾಠ ನಿಂತಿತು.

ಪ್ರಯೋಗಕ್ಕೆ ಸೀತೂರನ್ನೇ ಆರಿಸಿಕೊಂಡದ್ದಕ್ಕೆ ವೈಜ್ಞಾನಿಕ ಕಾರಣ ಎಂದು ಏನೇನೋ ಬರೆದಿದ್ದೆ. ನಿಜವಾದ ಕಾರಣ ಅತ್ತೆ. ಬಸರೀಕಟ್ಟೆ ಕಡೆ ಕೇಳಿದಾಗ ಎಸ್ಟೇಟಿನವರು ಗೇಟಿನಿಂದಲೇ ಸಾಗಹಾಕಿದ್ದರು. ಕೊಪ್ಪದ ಆಚೀಚೆಯ ಹಳ್ಳಿಗಳಲ್ಲಿ, ಹೊಸ ಔಷಧಿ ಅಂದಕೂಡಲೇ, "ಮೊದ್ಲು ನಿಮ್ಮನೆ ದನಕ್ಕೆ ಕೊಟ್ಟು ನೋಡಿ" ಎಂದು ಮರ್ಯಾದೆಯಿಂದ ಕಳಿಸಿದ್ದರು. ಸೀತೂರಿನಲ್ಲಿ ಅತ್ತೆ ಹೆಂಗಸರ ಸ್ವಸಹಾಯ ಸಂಘದ ಮುಖಂಡಳು. ಅವಳು ಒಂದು ಮಾತು ಹೇಳಿದರೆ ಊರು ಹೂಂ ಅನ್ನುತ್ತಿತ್ತು. ಅನ್ನದಿದ್ದವರ ಮನೆಗೆ ಅವಳೇ ಹೋಗಿ ಹೂಂ ಅನ್ನಿಸಿಕೊಂಡು ಬರುತ್ತಿದ್ದಳು.

ಅವಳಿಗೆ ಇದರಲ್ಲಿ ಸ್ವಂತ ಸಂಕಟವೂ ಇತ್ತು. ಹಿಂದಿನ ವರ್ಷ ಅವಳ ಕೆಂಪು ದನವೊಂದು ಇದೇ ರೋಗದಿಂದ ಮೇವು ಬಿಟ್ಟು, ಸೊರಗಿ ಸೊರಗಿ ಹೋಗಿತ್ತು. ಅತ್ತೆ ಯಾವುದಕ್ಕೂ ಅಳುವವಳಲ್ಲ. ಆ ದನದ ಮಾತು ಬಂದಾಗ ಮಾತ್ರ ಎದ್ದು ಒಳಗೆ ಹೋಗಿ, ಕೆಲಸವಿಲ್ಲದಿದ್ದರೂ ಪಾತ್ರೆ ಸದ್ದು ಮಾಡುತ್ತಿದ್ದಳು.

ಲಸಿಕೆಯನ್ನು ವಿವರಿಸುವುದು ಹುಳದ ಸಂಸಾರ ವಿವರಿಸಿದಷ್ಟು ಸುಲಭವಾಗಲಿಲ್ಲ. ಅದು ಡಿಎನ್‌ಎ ಲಸಿಕೆ. ಅದರಲ್ಲಿ ಹುಳ ಇಲ್ಲ, ಸತ್ತ ಹುಳವೂ ಇಲ್ಲ, ಹುಳದ ತುಣುಕೂ ಇಲ್ಲ. ಹುಳದ ಮೈಯ ಒಂದು ಪ್ರೋಟೀನನ್ನು ಮಾಡುವ ವಿಧಾನ ಮಾತ್ರ ಇದೆ. ಅದನ್ನು ದನದ ಮಾಂಸಖಂಡಕ್ಕೆ ಚುಚ್ಚಿದರೆ, ದನದ ಮೈಯೇ ವಿಧಾನ ಓದಿಕೊಂಡು ಆ ಪ್ರೋಟೀನನ್ನು ತಯಾರಿಸುತ್ತದೆ; ಆಮೇಲೆ ಇದು ಯಾರಪ್ಪಾ ಹೊಸಬ ಎಂದು ಸಿಟ್ಟಾಗಿ ಅದರ ವಿರುದ್ಧ ಪ್ರತಿಕಾಯ ಹುಟ್ಟಿಸುತ್ತದೆ. ಮುಂದೆ ನಿಜವಾದ ಹುಳ ಬಂದಾಗ ಗುರುತು ಹಿಡಿಯಬೇಕು, ಅದು ನಮ್ಮ ಆಸೆ.

"ಅಂದ್ರೆ ಕಡುಬು ಮಾಡೋದು ಹೆಂಗೆ ಅಂತ ಚೀಟಿ ಬರ್ದು ಹೊಟ್ಟೆಗೆ ಹಾಕೋದು. ಹೊಟ್ಟೆನೇ ಕಡುಬು ಬೇಯಿಸ್ಕೊಳ್ತದೆ. ಅಷ್ಟೇ ಅಲ್ವ?" ಅಂದಳು ಅತ್ತೆ.

"ಹೆಚ್ಚುಕಡಿಮೆ ಅಷ್ಟೇ."

"ನಮ್ಗೆ ಯಾಕಿಲ್ವೇ ಅಂಥದ್ದು? ಬೆಳಗಾದ್ರೆ ಒಲೆ ಮುಂದೆ ಸಾಯೋದು ತಪ್ತಿತ್ತು."

ತೊಡಕು ಬಂದದ್ದು ಮುಂದಿನ ಮಾತಿಗೆ. ಲಸಿಕೆಗೆ ನಿಜವಾಗಿ ಫಲವಿದೆಯೇ ಎಂದು ತಿಳಿಯಬೇಕಾದರೆ ಅರ್ಧ ದನಗಳಿಗೆ ಅಸಲಿ ಕೊಡಬೇಕು, ಇನ್ನರ್ಧಕ್ಕೆ ಖಾಲಿಯದು ಕೊಡಬೇಕು. ಖಾಲಿಯದೂ ನೋಡಲು ಹಾಗೇ ಇರುತ್ತದೆ, ಹುಳದ ವಿಧಾನ ಒಂದು ಇರುವುದಿಲ್ಲ. ಹಾಗಾಗಿ ಒಂದೊಂದು ಮನೆಯಿಂದ ಎರಡು ದನ ಬೇಕು. ಒಂದಕ್ಕೆ ಕೆಂಪು ಮುಚ್ಚಳದ ಬಾಟಲಿಯಿಂದ, ಇನ್ನೊಂದಕ್ಕೆ ಬಿಳಿ ಮುಚ್ಚಳದ್ದರಿಂದ. ಯಾವುದು ಅಸಲಿ ಅನ್ನುವುದು ಗೈಡಿಗೆ ಮಾತ್ರ ಗೊತ್ತು, ನನಗೂ ಹೇಳಿಲ್ಲ. ಇಷ್ಟನ್ನು ನಾನು ಪ್ರಾಮಾಣಿಕವಾಗಿ ಹೇಳಿದೆ. ನನಗೂ ಗೊತ್ತಿಲ್ಲ ಅಂದ ಮಾತನ್ನು ಒಬ್ಬರೂ ನಂಬಲಿಲ್ಲ. ಕೆಲವರು ಕಣ್ಣು ಮಿಟುಕಿಸಿದರು. ಒಬ್ಬಾಕೆ ನನ್ನ ಚೀಲಕ್ಕೆ ಸದ್ದಿಲ್ಲದೆ ಒಂದು ಬಾಟಲಿ ಜೇನುತುಪ್ಪ ಇಳಿಸಿ, "ನಮ್ಮನೆ ಕರಾವಿನ ದನದ್ದು ಸ್ವಲ್ಪ ನೋಡ್ಕೋ ಮಾರಾಯ್ತಿ" ಅಂದಳು.

ಎರಡು ದನ ಇಲ್ಲದ ಮನೆಯವರನ್ನು ಬಿಟ್ಟುಬಿಟ್ಟೆ. ಅವರು ಮುಖ ಊದಿಸಿಕೊಂಡರು. ಅತ್ತೆ ಮಾತ್ರ ಮೊದಲ ದಿನವೇ, "ನಮ್ಮನೇದು ಎರಡು ಬರ್ಕೋ. ಎರಡೂ ಕಪ್ಪು, ಅಕ್ಕ ತಂಗಿ" ಅಂದಿದ್ದಳು.

ದನಗಳ ಗುರುತಿಗೆ ಕಿವಿಗೆ ಓಲೆ ಚುಚ್ಚುವ ಯೋಚನೆ ಇತ್ತು. ಕಿವಿ ತೂತು ಮಾಡುವುದು ಅಂದಕೂಡಲೇ ಇಡೀ ಊರೇ ತಿರುಗಿಬಿತ್ತು. ಕೊನೆಗೆ ಹೋಟೆಲಿನ ಟೋಕನ್ನಿನಂಥ ಪ್ಲಾಸ್ಟಿಕ್ ಬಿಲ್ಲೆಗಳನ್ನು ತಂದು, ನಂಬರು ಕೊರೆಸಿ, ಕೊರಳ ಹಗ್ಗಕ್ಕೆ ಪೋಣಿಸುವುದು ಅಂತಾಯಿತು. ಒಂದೊಂದು ಮನೆಯಲ್ಲೂ ನಾಣ್ಯ ಚಿಮ್ಮಿ, ಒಂದಕ್ಕೆ ಕೆಂಪು ಬಿಲ್ಲೆ, ಇನ್ನೊಂದಕ್ಕೆ ಬಿಳಿ ಬಿಲ್ಲೆ ಕಟ್ಟಿದೆ. ಅತ್ತೆಯ ದನಗಳು ಮಾತ್ರ ಮೇಯಲು ಹೋಗಿದ್ದವು; ಬಂದ ಮೇಲೆ ತಾನೇ ಕಟ್ಟುತ್ತೇನೆ ಎಂದು ಅತ್ತೆ ಎರಡೂ ಬಿಲ್ಲೆ ಇಸಿದುಕೊಂಡಳು. ಮಲೆನಾಡು ಗಿಡ್ಡಗಳು ಹೆಚ್ಚಿನವು ಕಪ್ಪೇ, ಎಲ್ಲವೂ ಸಣ್ಣ ಗಾತ್ರ, ಎಲ್ಲವಕ್ಕೂ ಒದೆಯುವ ಉತ್ಸಾಹ. ನನಗೆ ಬಿಲ್ಲೆಯೇ ಅವುಗಳ ಮುಖ.

ಮೊದಲ ಇಂಜೆಕ್ಷನ್ನು ಗಣಪತಿ ಹಬ್ಬ ಕಳೆದ ಮೇಲೆ. ಲಸಿಕೆ ತಣ್ಣಗಿರಬೇಕು. ಕಾಲೇಜಿನಿಂದ ಹೊರಟ ಬಸ್ಸು ಕೊಪ್ಪ ಮುಟ್ಟುವಷ್ಟರಲ್ಲಿ ಡಬ್ಬಿಯ ಐಸು ನೀರಾಗಿತ್ತು. ಕೊಪ್ಪದಲ್ಲಿ ಆ ಹೊತ್ತಿಗೆ ಐಸು ಸಿಕ್ಕಿದ್ದು ಮೀನಿನ ಅಂಗಡಿಯಲ್ಲಿ. ಅದನ್ನೇ ತುಂಬಿಸಿಕೊಂಡು ಸೀತೂರಿಗೆ ಹೋದೆ. ಲಿಂಗ ಕಟ್ಟಿದ ನನ್ನ ಅತ್ತೆ ಡಬ್ಬಿಯಿಂದ ಮಾರು ದೂರದಲ್ಲೇ ಮೂಗು ಮುಚ್ಚಿಕೊಂಡಳು.

"ಎಂತ ಮಾರಾಯ್ತಿ ಇದು! ದನಕ್ಕೆ ಔಷಧಿ ತಂದೀಯೋ, ಬಂಗಡೆ ಸಾರು ಮಾಡ್ಲಿಕ್ಕೆ ಬಂದೀಯೋ?"

ಡಬ್ಬಿಗೆ ಮನೆಯೊಳಗೆ ಪ್ರವೇಶ ಸಿಗಲಿಲ್ಲ. ಅಂಗಳದ ಮೂಲೆಯ ಕಲ್ಲಿನ ಮೇಲೆ ಅದು, ಪಕ್ಕದಲ್ಲಿ ಅದನ್ನು ಕಾಯುತ್ತ ಊರಿನ ಬೆಕ್ಕುಗಳು. ನಾನೂ ಕೊಟ್ಟಿಗೆಗೆ ಹೋಗುವ ಹಾಗಿರಲಿಲ್ಲ. "ಒಳಗೆಲ್ಲ ಸಗಣಿ, ನಿನ್ನ ಬೂಟು ಹಾಳಾಗ್ತದೆ. ದನನೇ ಇಲ್ಲಿಗೆ ಹೊಡ್ಕೊಂಡು ಬರ್ತೀನಿ" ಅಂದಳು ಅತ್ತೆ. ಬೇರೆ ಯಾವ ಮನೆಯಲ್ಲೂ ನನ್ನ ಬೂಟಿನ ಬಗ್ಗೆ ಇಷ್ಟು ಕಾಳಜಿ ಕಂಡಿರಲಿಲ್ಲ. ತವರಿನ ಹುಡುಗಿ ಅನ್ನುವ ಪ್ರೀತಿ ಅಂದುಕೊಂಡೆ.

ಬಿಳಿ ಬಿಲ್ಲೆಯ ದನ ಮೊದಲು ಬಂತು. ಕೊರಳಿನ ಎಡಗಡೆಯಿಂದ ರಕ್ತ ತೆಗೆದು, ತೊಡೆಗೆ ಇಂಜೆಕ್ಷನ್ನು ಕೊಟ್ಟೆ. ಗರತಿಯ ಹಾಗೆ ನಿಂತಿತ್ತು. "ಇನ್ನೊಂದು ಗುಡ್ಡದ ಕಡೆ ಇದೆ. ತರೋದ್ರೊಳಗೆ ನೀನು ಕಾಫಿ ಕುಡಿ" ಎಂದು ಅತ್ತೆ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿ, ಕೊಟ್ಟೆ ಕಡುಬು ಬಡಿಸಿ, ದನ ಹೊಡೆದುಕೊಂಡು ಹಿತ್ತಲಿಗೆ ಹೋದಳು. ನಾನು ಕಡುಬು ಮುಗಿಸಿ ಬರುವಷ್ಟರಲ್ಲಿ ಕೆಂಪು ಬಿಲ್ಲೆಯ ದನ ಅಂಗಳದಲ್ಲಿತ್ತು. ಇದು ಮಾತ್ರ ಮಹಾ ಸಿಟ್ಟಿನದು. ನನ್ನನ್ನು ಕಂಡದ್ದೇ ಕಣ್ಣು ಕೆಂಪಗೆ ಮಾಡಿ ಬುಸುಗುಟ್ಟಿತು.

"ಇದಕ್ಕೆ ಎಡಗಡೆ ಆಗಿಬರಲ್ಲ ಹುಡ್ಗಿ, ಬಲಗಡೆಯಿಂದ ಬಾ" ಅಂದಳು ಅತ್ತೆ.

ಬಲಗಡೆಯಿಂದ ಹೋದೆ. ಮೊಣಕಾಲಿಗೆ ಸರಿಯಾಗಿ ಒದೆ ಬಿತ್ತು. ಅಕ್ಕ ತಂಗಿಯರಲ್ಲಿ ಇಷ್ಟು ವ್ಯತ್ಯಾಸ ಇರುತ್ತದಲ್ಲ ಎಂದು ಬಸ್ಸಿನಲ್ಲಿ ಕಾಲು ತಿಕ್ಕಿಕೊಳ್ಳುತ್ತ ಯೋಚಿಸಿದೆ. ದೀಪಾವಳಿಗೆ ಮೊದಲು ಇನ್ನೊಮ್ಮೆ ಹೋಗಿ ಎಲ್ಲ ದನಗಳ ರಕ್ತ ಮಾತ್ರ ತಂದೆ.

ಎರಡನೆಯ ಇಂಜೆಕ್ಷನ್ನಿಗೆ ದೀಪಾವಳಿಯ ಮಾರನೆಯ ದಿನ ಗೊತ್ತಾಗಿತ್ತು. ದಿನ ಗೊತ್ತುಮಾಡಿದವರು ಗೈಡು. ಅವರಿಗೆ ನಮ್ಮ ಕಡೆಯ ಗೋಪೂಜೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದರೆ ಹಬ್ಬದ ಹೋಳಿಗೆಯ ಆಸೆಯಲ್ಲಿ ತಲೆ ಓಡಲಿಲ್ಲ. ಗೋಪೂಜೆಯ ಬೆಳಿಗ್ಗೆ ದನಗಳ ಮೈ ತೊಳೆದು, ಕೊರಳ ಹಳೆಯ ಹಗ್ಗ ತೆಗೆದು ಹೊಸ ಹಗ್ಗ ಕಟ್ಟುತ್ತಾರೆ. ಮೈತುಂಬ ಕೆಮ್ಮಣ್ಣು ಮತ್ತು ಸುಣ್ಣದಲ್ಲಿ ಲೋಟ ಅದ್ದಿ ಉಂಗುರ ಉಂಗುರವಾಗಿ ಅಚ್ಚು ಒತ್ತುತ್ತಾರೆ. ನಾನು ಹೋದಾಗ ಸೀತೂರಿನ ದನಗಳೆಲ್ಲ ಒಂದೇ ತಾನಿನ ಬಟ್ಟೆ ಹೊಲಿಸಿಕೊಂಡಂತೆ ಕಾಣುತ್ತಿದ್ದವು. ಹೊಸ ಹಗ್ಗಗಳಲ್ಲಿ ಬಿಲ್ಲೆಗಳು ಫಳಫಳ ತೊಳೆದು ನೇತಾಡುತ್ತಿದ್ದವು. ಕೆಂಪಿಗೆ ಕೆಂಪು ಬಾಟಲಿ, ಬಿಳಿಗೆ ಬಿಳಿ ಬಾಟಲಿ ಎಂದು ಚುಚ್ಚಿ ಮುಗಿಸಿದೆ. ಅತ್ತೆಯ ಮನೆಯಲ್ಲಿ ಎಂದಿನಂತೆ ಒಂದು ದನ, ನಡುವೆ ಹೋಳಿಗೆ, ಆಮೇಲೆ ಇನ್ನೊಂದು ದನ, ಒಂದು ಒದೆ. ಕೆಲವು ವಾರ ಬಿಟ್ಟು ಹೋಗಿ ಕೊನೆಯ ಸಲ ರಕ್ತ ತಂದೆ. ಆಗಲೂ ಅದೇ ಕ್ರಮ. ಹೋಳಿಗೆಯ ಬದಲು ಉಪ್ಪಿಟ್ಟು.

ಪರೀಕ್ಷೆಗೆ ಎಲೈಸಾ ಎಂದು ಹೆಸರು. ಸಾಲುಸಾಲು ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ, ಚನ್ನೆಮಣೆಯ ಹಾಗೆ. ಒಂದೊಂದು ಗುಳಿಗೆ ಒಂದೊಂದು ದನದ ರಕ್ತದ ತಿಳಿನೀರು ಹಾಕಿ, ಮೇಲಿಂದ ಬೇರೆ ಬೇರೆ ದ್ರವ ಹಾಕುತ್ತ ಹೋದರೆ, ಹುಳದ ವಿರುದ್ಧ ಪ್ರತಿಕಾಯ ಇದ್ದಲ್ಲಿ ಹಳದಿ ಬಣ್ಣ ಏರುತ್ತದೆ. ಪ್ರತಿಕಾಯ ಹೆಚ್ಚಿದ್ದಷ್ಟೂ ಹಳದಿ ಗಾಢ.

ಮೊದಲ ಇಂಜೆಕ್ಷನ್ನಿನ ನಂತರದ ರಕ್ತದಲ್ಲಿ ತೆಳು ಹಳದಿ ಬಂತು, ಅದೂ ಅತ್ತೆಯ ಮನೆಯದೊಂದು ಬಿಟ್ಟರೆ ಬಿಳಿ ಬಿಲ್ಲೆಯವಕ್ಕೆ ಮಾತ್ರ. ಗೈಡು ಮೀಸೆಯೊಳಗೇ ನಕ್ಕರು. ಈ ಬಗೆಯ ಲಸಿಕೆ ಇಲಿಗಳಲ್ಲಿ ಚೆನ್ನಾಗಿ ನಡೆದು, ದೊಡ್ಡ ಪ್ರಾಣಿಗಳಲ್ಲಿ ಸೋಮಾರಿಯಾಗುತ್ತದೆ. ಹಾಗಾಗಿ ತೆಳು ಹಳದಿಯೂ ನಮಗೆ ಬಂಗಾರ. ಎರಡನೆಯದರ ನಂತರ ಬಿಳಿ ಬಿಲ್ಲೆಯವು ಗಾಢವಾಗಬೇಕು, ಕೆಂಪಿನವು ನೀರಿನ ಹಾಗೆ ಉಳಿಯಬೇಕು.

ಹಾಗಾಗಲಿಲ್ಲ. ಕೆಲವು ಮನೆಗಳದ್ದು ಪುಸ್ತಕದಲ್ಲಿ ಬರೆದಂತೆ ಬಂತು. ಇನ್ನು ಕೆಲವು ಮನೆಗಳಲ್ಲಿ ಕೆಂಪೂ ತೆಳು ಹಳದಿ, ಬಿಳಿಯೂ ತೆಳು ಹಳದಿ. ಅತ್ತೆಯ ಮನೆಯದಂತೂ ಮೊದಲಿನಿಂದಲೂ ವಿಚಿತ್ರ: ಎರಡೂ ಗುಳಿ ಸಮಸಮ. ಮೊದಲ ಸಲ ಎರಡೂ ತೆಳು, ಈಗ ಎರಡೂ ಅರಿಶಿನ ಕಲಸಿದ ಹಾಗೆ ಗಾಢ.

ಗೈಡು ನನ್ನನ್ನು ಎದುರಿಗೆ ನಿಲ್ಲಿಸಿಕೊಂಡರು. "ಟ್ಯೂಬು ಅದಲುಬದಲು ಮಾಡಿದ್ದೀಯ. ಇಲ್ಲ, ದನ ಅದಲುಬದಲು ಮಾಡಿದ್ದೀಯ. ಯಾವ ದನಕ್ಕೆ ಯಾವುದು ಹೋಗಿದೆ ಅಂತ ಗೊತ್ತಿಲ್ಲದಿದ್ರೆ ಇದು ಪ್ರಯೋಗ ಅಲ್ಲ, ಗಲಾಟೆ. ಗೊತ್ತು ಮಾಡ್ಕೊಂಡು ಬಾ. ಇಲ್ಲಾಂದ್ರೆ ಹೊಸ ದನ, ಹೊಸ ವರ್ಷ, ಮೊದಲಿಂದ."

ಮೊದಲಿಂದ ಅನ್ನುವ ಮಾತಿಗೆ ನನ್ನ ಮೊಣಕಾಲು ತಾನಾಗಿಯೇ ನೋಯತೊಡಗಿತು. ಅಳುವೂ ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ನಾನು ಟ್ಯೂಬಿನ ಮೇಲೆ ನಂಬರು ಬರೆಯುವಾಗ ಉಸಿರೂ ಬಿಗಿಹಿಡಿಯುವವಳು. ಅತ್ತೆಯ ಮನೆಯ ಎರಡು ಗುಳಿಗಳಿಗೆ ಮಾತ್ರ ನನ್ನಲ್ಲಿ ಉತ್ತರವಿತ್ತು. ಅವಳ ಮನೆಯ ಕೆಳಗೊಂದು ಕೆರೆಯಿದೆ, ಅಲ್ಲಿ ಬಸವನಹುಳು ಬೇಕಾದಷ್ಟಿವೆ, ಎರಡು ದನಕ್ಕೂ ಸಹಜವಾಗಿಯೇ ಹುಳ ತಗುಲಿ ಪ್ರತಿಕಾಯ ಬಂದಿದೆ ಎಂದು ಒಂದು ಪುಟ ಸಿದ್ಧಾಂತವನ್ನೇ ಬರೆದು ಕೊಟ್ಟೆ. ಗೈಡು ಓದಿ ತಲೆದೂಗಿದರು. ಇಬ್ಬರೂ ಎಷ್ಟು ಓದಿದವರು ಅನ್ನುವುದನ್ನು ನೆನಪಿಸಿಕೊಂಡರೆ ಈಗಲೂ ನಗು ತಡೆಯುವುದಿಲ್ಲ.

ಸೀತೂರಿಗೆ ಹೋದೆ. ಮನೆಮನೆಗೂ ಹೋಗಿ ಕೇಳಿದೆ: ದೀಪಾವಳಿಯಲ್ಲಿ ಹಗ್ಗ ಬದಲಿಸುವಾಗ ಬಿಲ್ಲೆ ಬದಲಾಯಿತೇ? ಎಲ್ಲರದ್ದೂ ಒಂದೇ ಉತ್ತರ. ಛೆ, ಎಲ್ಲಾದರೂ ಉಂಟೇ! ಜೇನುತುಪ್ಪದಾಕೆಯಂತೂ ನೊಂದುಕೊಂಡು, "ನಾವು ಅಂಥೋರಾ?" ಅಂದಳು. ನನ್ನ ಮುಖ ನೋಡಿ ಅತ್ತೆಗೆ ಕನಿಕರ ಬಂತು.

"ನಂಗೊತ್ತು ಈ ಮಳ್ಳಿಗಳ ಹಣೆಬರಹ. ಎಲ್ರೂ ಬದಲಾಯ್ಸಿದಾರೆ. ನಾನಂತೂ ಹಗ್ಗ ಬದಲಾಯ್ಸೋವಾಗ ಬಿಲ್ಲೆ ಬದಲಾಯ್ಸಿದೋಳಲ್ಲ, ಬೇಕಾದ್ರೆ ದೇವರ ಮುಂದೆ ದೀಪ ಮುಟ್ಟಿ ಹೇಳ್ತೀನಿ" ಅಂದಳು. ಹೇಳಿಯೂ ಬಿಟ್ಟಳು. ನನ್ನ ಕಣ್ಣು ತುಂಬಿಬಂತು. ಊರಿನಲ್ಲಿ ಒಬ್ಬಳಾದರೂ ಸತ್ಯವಂತೆ ಇದ್ದಾಳಲ್ಲ.

ಮಾರನೆಯ ದಿನ ಅತ್ತೆಯ ಜಗಲಿಯಲ್ಲೇ ಸಂಘದ ಸಭೆ. ನಾನು ಇನ್ನು ಕೇಳಿ ಪ್ರಯೋಜನವಿಲ್ಲ ಎಂದು ತೀರ್ಮಾನಿಸಿಕೊಂಡಿದ್ದೆ. ಮುಖವನ್ನು ಆದಷ್ಟು ಸಪ್ಪೆ ಮಾಡಿಕೊಂಡು ಎದ್ದು ನಿಂತು, "ಪರೀಕ್ಷೆ ಮುಗೀತು. ಗೈಡು ಗುಟ್ಟು ಹೇಳಿದ್ದಾರೆ. ನಿಮಗೂ ಹೇಳಿಬಿಡ್ತೀನಿ. ಕೆಂಪು ಬಾಟಲಿ ಖಾಲಿ. ಬಿಳಿಯದೇ ಅಸಲಿ ಔಷಧಿ" ಅಂದೆ.

ಒಲೆಯಲ್ಲಿ ಕಾಫಿ ನೀರು ಕುದಿಯುವ ಸದ್ದು ಕೇಳಿಸಿತು.

"ಅಯ್ಯಯ್ಯೋ!" ಎಂದು ಪಕ್ಕದ ಮನೆಯಾಕೆ ಹಣೆ ಬಡಿದುಕೊಂಡಳು. "ನಮ್ಮನೆ ಗಬ್ಬದ ದನಕ್ಕೆ ಬಿಳಿನೇ ಇತ್ತಲ್ಲೇ! ಒಳ್ಳೇ ದನಕ್ಕೆ ಕುಂಕುಮದ ಬಣ್ಣ ಇರ್ಲಿ ಅಂತ ಹಬ್ಬದ ದಿನ ನಾನೇ ಕೈಯಾರೆ ತಗ್ದು ಗೊಡ್ಡಿಗೆ ಕಟ್ಟಿದೆ!"

"ನೀನೂ ತಗ್ದೆಯಾ?" ಅಂದಳು ಜೇನುತುಪ್ಪದಾಕೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಆಮೇಲೆ ತಡೆಯುವವರಿರಲಿಲ್ಲ. ಕೆಂಪೇ ಅಸಲಿ ಎಂದು ಪ್ರತಿಯೊಬ್ಬರೂ ತಮ್ಮ ಪಾಡಿಗೆ ತಾವೇ ಕಂಡುಹಿಡಿದಿದ್ದರು. ಆರತಿ ಕೆಂಪು, ಧಾರೆ ಸೀರೆ ಕೆಂಪು, ಅಂಥದ್ದರಲ್ಲಿ ಸಪ್ಪೆ ಬಿಳಿ ಬಣ್ಣದಲ್ಲಿ ಯಾರಾದರೂ ಔಷಧಿ ಇಡುತ್ತಾರೆಯೇ? ಮುದ್ದಿನ ದನಕ್ಕೆ ನಾಣ್ಯದಲ್ಲಿ ಬಿಳಿ ಬಿದ್ದವರೆಲ್ಲ, ಹಗ್ಗ ಬದಲಿಸುವ ನೆಪದಲ್ಲಿ, ಒಬ್ಬರಿಗೊಬ್ಬರು ತಿಳಿಯದ ಹಾಗೆ ತಮ್ಮ ತಮ್ಮ ಕೊಟ್ಟಿಗೆಯಲ್ಲಿ ಬಿಲ್ಲೆ ಬದಲಿಸಿದ್ದರು. ಮೊದಲೇ ಕೆಂಪು ಬಿದ್ದವರು ಅದೃಷ್ಟ ಎಂದು ಸುಮ್ಮನಿದ್ದರು. ನಾನು ಪೆನ್ಸಿಲ್ ತೆಗೆದು ಯಾರು ಯಾರು ಹಣೆ ಬಡಿದುಕೊಳ್ಳುತ್ತಾರೆ ಎಂದು ಗುರುತು ಹಾಕುತ್ತ ಹೋದೆ. ಹಣೆ ಬಡಿದುಕೊಂಡ ಮನೆ, ತೆಳು ಹಳದಿಯ ಮನೆ ಎರಡೂ ಒಂದೊಂದಾಗಿ ತಾಳೆಯಾದವು. ಆ ದನಗಳಿಗೆಲ್ಲ ಅಸಲಿ ಒಂದೊಂದೇ ಸಲ ಬಿದ್ದಿತ್ತು, ಅಷ್ಟೇ. ನನಗೆ ಕುಣಿಯಬೇಕು ಅನ್ನಿಸಿತು. ಒಂದು ವರ್ಷ ಕೈಗೆ ವಾಪಸ್ ಬಂದಿತ್ತು.

ಅತ್ತೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. "ನಾಚಿಕೆ ಆಗ್ಬೇಕು ನಿಮ್ಗೆ. ಓದೋ ಹುಡುಗಿ ಹೊಟ್ಟೆ ಮೇಲೆ ಹೊಡೀತೀರಲ್ರೇ! ನನ್ನ ನೋಡಿ ಕಲೀರಿ" ಎಂದು ಎಲ್ಲರಿಗೂ ಬುದ್ಧಿ ಹೇಳಿದಳು. ಎಲ್ಲರೂ ತಲೆ ತಗ್ಗಿಸಿಕೊಂಡು ಕೇಳಿದರು. ಅಷ್ಟು ಹೊತ್ತಿಗೆ ಗಲಾಟೆಗೆ ಎಚ್ಚರವಾಗಿ ಮಾವ ಹೊರಗೆ ಬಂದರು.

"ಎಂತ ಗೌಜು ಇದು?"

"ಎರಡು ದನ ಇರೋ ಮನೆಗಳಲ್ಲಿ ಬಿಲ್ಲೆ ಬದಲಾಯ್ಸಿದಾರೆ ಮಾವ. ನಿಮ್ಮನೇದು ಮಾತ್ರ ಸರಿ ಇದೆ" ಅಂದೆ ನಾನು.

ಮಾವ ಆಕಳಿಸಿ, "ನಮ್ಮನೇಲಿ ಎಲ್ಲಿ ಎರಡು ದನ?" ಅಂದರು. "ಒಂದು ಮಗಳ ಮನೇಲಲ್ವ, ಕಿಗ್ಗದಲ್ಲಿ. ಬಾಣಂತಿಗೆ ಹಾಲು ಬೇಕು ಅಂತ ಮಳೆಗಾಲದಲ್ಲೇ ಕಳ್ಸಿದ್ದು."

ಅತ್ತೆ ಆಕಾಶ ನೋಡಿದಳು. ನಾನು ಬೂಟು ಸಮೇತ ನೇರವಾಗಿ ಕೊಟ್ಟಿಗೆಗೆ ನುಗ್ಗಿದೆ. ಒಂದು ಗೂಟದಲ್ಲಿ ಬಿಳಿ ಬಿಲ್ಲೆಯ ಕಪ್ಪು ದನ. ಇನ್ನೊಂದು ಗೂಟದ ಜಾಗದಲ್ಲಿ ಮಾಡಿನವರೆಗೆ ಒಟ್ಟಿದ ಕಟ್ಟಿಗೆ. ಗೋಡೆಯ ಮೊಳೆಯಲ್ಲಿ, ಹಳೆಯ ಹಗ್ಗದ ತುಂಡಿನ ಜೊತೆ ಕೆಂಪು ಬಿಲ್ಲೆ. ದನ ನನ್ನನ್ನು ನೋಡಿ ಕಿವಿ ನಿಮಿರಿಸಿತು. ಪಾಪ, ಅದಕ್ಕೆ ನನ್ನ ಗುರುತು ಚೆನ್ನಾಗಿಯೇ ಇತ್ತು. ಹೋದಾಗೆಲ್ಲ ಎಡಗಡೆ ಒಮ್ಮೆ ಬಲಗಡೆ ಒಮ್ಮೆ ಚುಚ್ಚಿಸಿಕೊಂಡ ಪ್ರಾಣಿ ಅದು. ಸಲಕ್ಕೊಂದು ಒದೆಗೇ ಬಿಟ್ಟದ್ದು ಅದರ ದೊಡ್ಡತನ.

ಗುಳಿಗಳೆರಡೂ ಸಮಸಮ ಏಕೆ ಬಂದಿದ್ದವು ಅನ್ನುವುದು ಆಗ ಹೊಳೆಯಿತು. ರಕ್ತ ಸುಳ್ಳು ಹೇಳಿರಲಿಲ್ಲ. ಒಂದೇ ದನ ಎರಡು ಗುಳಿಯಲ್ಲೂ ಒಂದೇ ಮಾತು ಹೇಳಿತ್ತು. ಅದನ್ನು ಕೇಳುವುದು ಬಿಟ್ಟು ನಾನು ಕೆರೆ, ಬಸವನಹುಳು ಎಂದು 'ಸಿದ್ಧಾಂತ' ಬರೆದಿದ್ದೆ.

"ದೀಪ ಮುಟ್ಟಿ ಹೇಳಿದ್ಯಲ್ಲ ಅತ್ತೆ!" ಎಂದು ಕೂಗಿದೆ.

"ಹಗ್ಗ ಬದಲಾಯ್ಸೋವಾಗ ಬಿಲ್ಲೆ ಬದಲಾಯ್ಸಿಲ್ಲ ಅಂದೆ. ಬದಲಾಯ್ಸಿದ್ದು ನೀ ಕಾಫಿ ಕುಡಿಯೋವಾಗ. ಸುಳ್ಳೆಲ್ಲಿ ಹೇಳಿದೆ?" ಅವಳ ದನಿಯಲ್ಲಿ ಮೊದಲು ಇದ್ದದ್ದು ಬರೀ ಮೊಂಡುತನ. ಆಮೇಲೆ ಅದು ಇಳಿಯಿತು. "ಎರಡು ಇದ್ರೇ ಸೇರಿಸ್ಕೊಳ್ಳೋದು ಅಂದೆ ನೀನು. ನಂಗಿದ್ದಿದ್ದು ಒಂದು. ಹೋದ್ ವರ್ಷದ್ದು ಉಸಿರಿಗೆ ಒದ್ದಾಡಿದ್ದು ಕಣ್ಣಾರೆ ನೋಡಿದೋಳು ನಾನು. ಇದಕ್ಕೂ ಹಂಗೆ ಆಗ್ಬೇಕಾ? ಕೆಂಪೋ ಬಿಳಿಯೋ ಯಾರಿಗೆ ಗೊತ್ತು. ನಮ್ಗೆ ಕುಂಕುಮನೂ ಬೇಕು, ವಿಭೂತಿನೂ ಬೇಕು. ಎರಡೂ ಹಾಕ್ಸಿದ್ರೆ ಒಂದಾದ್ರೂ ಅಸಲಿ ಆಗ್ಲೇಬೇಕಲ್ಲ."

ಊರಿನವರೆಲ್ಲ ಬಣ್ಣ ನೋಡಿ ಮೋಸಹೋಗಿದ್ದರು. ಬಣ್ಣ ನಂಬದೆ, ತಪ್ಪಿಲ್ಲದೆ ಎರಡು ಸಲವೂ ಅಸಲಿ ಹಾಕಿಸಿಕೊಂಡ ಮುದ್ದಿನ ದನ ಅತ್ತೆಯದೊಂದೇ. ಕೂಗಾಡಬೇಕು ಅಂದುಕೊಂಡವಳು ಅಲ್ಲೇ ಕಟ್ಟಿಗೆಯ ಮೇಲೆ ಕೂತು ನಕ್ಕೆ. ಅವಳೂ ಪಕ್ಕದಲ್ಲಿ ಕೂತಳು. ನಗುತ್ತ ನಗುತ್ತ ಇಬ್ಬರ ಕಣ್ಣೂ ಒದ್ದೆಯಾದವು. ಆ ಕೆಂಪು ದನಕ್ಕಾಗಿ ಅತ್ತೆ ಅಡುಗೆಮನೆಯ ಹೊರಗೆ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಗೈಡು ಕತೆ ಕೇಳಿ ಬಹಳ ಹೊತ್ತು ಕಿಟಕಿಯ ಕಡೆ ತಿರುಗಿ ನಿಂತಿದ್ದರು. ಅವರ ಬೆನ್ನು ಅಲುಗುತ್ತಿತ್ತು. ಬಿಲ್ಲೆ ಬದಲಾದ ಮನೆಗಳನ್ನು ಅಸಲಿ ಒಂದೇ ಸಲ ಬಿದ್ದ ದನಗಳ ಗುಂಪು ಎಂದು ಬೇರೆ ಮಾಡಿದೆವು. ಅಂಥ ಒಂದು ಗುಂಪು ಇದ್ದಿದ್ದರೆ ಚೆನ್ನಾಗಿತ್ತು ಎಂದು ಅವರಿಗೆ ಮೊದಲಿನಿಂದಲೂ ಆಸೆಯಿತ್ತಂತೆ. ಸೀತೂರಿನ ಹೆಂಗಸರು ಕೇಳದೆಯೇ ಮಾಡಿಕೊಟ್ಟಿದ್ದರು. ಅತ್ತೆಯ ದನವನ್ನು ಮಾತ್ರ ಎಲ್ಲಿಯೂ ಸೇರಿಸುವ ಹಾಗಿರಲಿಲ್ಲ. ಇಡೀ ತಟ್ಟೆಯಲ್ಲಿ ಎಲ್ಲಕ್ಕಿಂತ ಚೆಂದದ ಹಳದಿ ಅದರದ್ದು, ಅದನ್ನೇ ಲೆಕ್ಕದಿಂದ ಹೊಡೆದುಹಾಕಬೇಕಾಯಿತು.

ಪ್ರಬಂಧ ಒಪ್ಪಿಗೆಯಾಗಿ, ಡಿಗ್ರಿ ಬಂದು, ದಪ್ಪ ರಟ್ಟಿನ ಪ್ರತಿಯನ್ನು ಎತ್ತಿಕೊಂಡು ಸೀತೂರಿಗೆ ಹೋದೆ. ಅತ್ತೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ತಿರುಗಿಸಿ, ಆಮೇಲೆ ಕೇಳಿದಳು: "ನಮ್ಮನೆ ದನದ್ದು ಎಲ್ಲಿದೆ, ತೋರ್ಸು."

ತನ್ನ ದನ ಪುಸ್ತಕದಲ್ಲಿ ಬರುತ್ತದೆ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದಳು. ಹುಡುಕಿ ಹುಡುಕಿ ಒಂದು ಸಾಲಿನ ಮೇಲೆ ಬೆರಳಿಟ್ಟೆ. ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡ ಮಾಡಿ ಓದಿದೆ. "ಒಂದು ಮನೆಯ ಎರಡು ದನಗಳನ್ನು ಲೆಕ್ಕದಿಂದ ಕೈಬಿಡಲಾಗಿದೆ."

ಬೇಜಾರು ಮಾಡಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವಳು ಹುಬ್ಬು ಗಂಟಿಕ್ಕಿ ಆ ಸಾಲನ್ನೇ ನೋಡುತ್ತಿದ್ದಳು. ಹೊರಗೆ ಕೊಟ್ಟಿಗೆಯಲ್ಲಿ ದನ ಸದ್ದಿಲ್ಲದೆ ಮೆಲುಕು ಹಾಕುತ್ತಿತ್ತು; ಒಳಗೆ ಮಾವ ಗೊರಕೆ ಹೊಡೆಯುತ್ತಿದ್ದರು.

"ಎರಡು ಅಂತ ಬರ್ದೀಯಾ?" ಅಂದಳು ಅತ್ತೆ. "ಒಂದೇ ಅಲ್ವೇನೇ ಇದ್ದಿದ್ದು? ಅಚ್ಚಾದ ಪುಸ್ತಕದಲ್ಲಿ ಸುಳ್ಳು ಬರೀಬಾರ್ದು ಹುಡ್ಗಿ. ಪೆನ್ನು ತಗೋ, ತಿದ್ದು."

ತಿದ್ದಿದೆ.